ಮಂಡ್ಯದ ಕಚೇರಿಗೆ ಸ್ವಂತ ಮೇಲ್ ಸರ್ವರ್: ಪೋಸ್ಟ್‌ಫಿಕ್ಸ್ ಹಾಕಲೇ, ಎಕ್ಸಿಮ್ ಹಾಕಲೇ?

ಬೆಲ್ಲದಗಾಣ

ಮಂಡ್ಯದಲ್ಲಿ ಬೆಲ್ಲ ತಯಾರಕರ ಸಣ್ಣ ಸಂಘವೊಂದರ ಕಂಪ್ಯೂಟರ್ ಕೆಲಸ ನನ್ನ ಪಾಲಿಗೆ ಬಂದಿದೆ. ವೆಬ್‌ಸೈಟಿನ ಜೊತೆಗೆ ಉಚಿತವಾಗಿ ಬರುತ್ತಿದ್ದ ಮೇಲ್ ಪೆಟ್ಟಿಗೆಗಳಿಗೆ ಇನ್ನು ಮುಂದೆ ತಲೆಗಿಷ್ಟು ಎಂದು ಬಾಡಿಗೆ ಕಟ್ಟಬೇಕಂತೆ. ಸುಮಾರು ಇಪ್ಪತ್ತೈದು ವಿಳಾಸಗಳಿವೆ. ಸಭೆಯಲ್ಲಿ ಹಿರಿಯರೊಬ್ಬರು "ಲಿನಕ್ಸ್ ಬಿಟ್ಟಿ ಸಿಗುತ್ತದಂತಲ್ಲ, ನಮ್ಮದೇ ಹಾಕಿಕೊಳ್ಳೋಣ" ಎಂದರು. ಎಲ್ಲರೂ ನನ್ನ ಮುಖ ನೋಡಿದರು.

ಕಚೇರಿಯಲ್ಲಿ 4 ಜಿಬಿ ಮೆಮೊರಿಯ ಹಳೆಯ ಡೆಸ್ಕ್‌ಟಾಪ್ ಇದೆ. ಡೆಬಿಯನ್ 13 ಎಂಬ ಲಿನಕ್ಸ್ ಹಾಕಿದ್ದೇನೆ. ಫೈಬರ್ ಸಂಪರ್ಕವಿದೆ, ಯುಪಿಎಸ್ ಇದೆ. ಹುಡುಕಿದರೆ ಪೋಸ್ಟ್‌ಫಿಕ್ಸ್, ಎಕ್ಸಿಮ್, ಸೆಂಡ್‌ಮೇಲ್, ಕ್ಯೂಮೇಲ್, ಡೋವ್‌ಕಾಟ್, ಸೈರಸ್ ಎಂದು ಹೆಸರುಗಳು ಬರುತ್ತಲೇ ಇವೆ. ಪೋಸ್ಟ್‌ಫಿಕ್ಸ್ ಹಾಕಲು ಹೋದರೆ ನೀಲಿ ಪರದೆಯೊಂದು ಎದ್ದು ಇಂಟರ್ನೆಟ್ ಸೈಟ್, ಸ್ಮಾರ್ಟ್‌ಹೋಸ್ಟ್, ಸ್ಯಾಟಲೈಟ್, ಲೋಕಲ್ ಎಂದು ಆಯ್ಕೆ ಕೇಳಿತು. ರದ್ದು ಮಾಡಿ ಕುಳಿತಿದ್ದೇನೆ. ಯಾವುದನ್ನು ಹಾಕಲಿ?

ಮದ್ದೂರುವಡೆ

ಪೋಸ್ಟ್‌ಫಿಕ್ಸ್. ಮುಂದಿನ ಪ್ರಶ್ನೆ?

ಹೆಬ್ಬಾಳ_ಅಡ್ಮಿನ್

ಉತ್ತರ ಸರಿಯೇ. ಆದರೆ ಅದು ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆಗೆ ಸಿಕ್ಕ ಉತ್ತರ. ತಂತ್ರಾಂಶ ಯಾವುದಾದರೂ ನಡೆಯುತ್ತದೆ, ನಿಮ್ಮ ಐಪಿ ವಿಳಾಸ ಎಂಥದ್ದು ಎಂಬುದು ಮೊದಲು ತಿಳಿಯಬೇಕು.

ರೂಟರಿನ ಪುಟ ತೆರೆದು ಹೊರಗಿನ ಐಪಿ ನೋಡಿ. ಅದು 100.64 ರಿಂದ 100.127 ರ ನಡುವೆ ಇದ್ದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ. ನೂರಾರು ಗ್ರಾಹಕರಿಗೆ ಸೇರಿ ಒಂದೇ ಸಾರ್ವಜನಿಕ ವಿಳಾಸ ಇರುತ್ತದೆ. ಹೊರಗಿನ ಸರ್ವರ್ ನಿಮ್ಮ ಡೆಸ್ಕ್‌ಟಾಪನ್ನು ತಲುಪುವುದಕ್ಕೆ ದಾರಿಯೇ ಇರುವುದಿಲ್ಲ. ಸಾರ್ವಜನಿಕ ಐಪಿಯೇ ಸಿಕ್ಕಿದೆ ಎನ್ನಿ, ಅದು ಪದೇ ಪದೇ ಬದಲಾಗುವಂಥದ್ದಾದರೆ ಸ್ಪ್ಯಾಮ್ ತಡೆಯುವ ಸ್ಪ್ಯಾಮ್‌ಹೌಸ್ ಸಂಸ್ಥೆಯ ಪಿಬಿಎಲ್ ಪಟ್ಟಿಯಲ್ಲಿ ಆಗಲೇ ಇರುವ ಸಾಧ್ಯತೆ ಹೆಚ್ಚು. ಅದು ಅಪರಾಧಿಗಳ ಪಟ್ಟಿಯಲ್ಲ, "ಈ ವಿಳಾಸಗಳಿಂದ ನೇರವಾಗಿ ಮೇಲ್ ಬರಬಾರದು" ಎಂಬ ಪಟ್ಟಿ. ಆದರೆ ಫಲ ಒಂದೇ, ನಿಮ್ಮ ಮೇಲ್ ಬಾಗಿಲಲ್ಲೇ ವಾಪಸ್ಸಾಗುತ್ತದೆ.

ಮತ್ತೆ ಪಿಟಿಆರ್ ದಾಖಲೆ. ಹೆಸರಿನಿಂದ ಐಪಿ ಸಿಗುವಂತೆ ಐಪಿಯಿಂದ ಹೆಸರೂ ಸಿಗಬೇಕು. ಇದನ್ನು ನಿಮ್ಮ ಡೊಮೈನಿನ ಪುಟದಲ್ಲಿ ಬರೆಯಲಾಗುವುದಿಲ್ಲ, ಐಪಿ ಯಾರದ್ದೋ ಅವರೇ ಬರೆದುಕೊಡಬೇಕು. ಫೈಬರ್ ಕಂಪನಿಯ ಸಹಾಯವಾಣಿಗೆ ಕರೆ ಮಾಡಿ ಪಿಟಿಆರ್ ಕೇಳಿ ನೋಡಿ. ಆ ಕಡೆಯವರು ರೂಟರ್ ಆರಿಸಿ ಹಾಕಲು ಹೇಳುತ್ತಾರೆ.

ನಂಜನಗೂಡು_ರಸಬಾಳೆ

ಡೆಬಿಯನ್ ಹಾಕಿಕೊಂಡವರಿಗೆ ಎಲ್ಲರೂ ಪೋಸ್ಟ್‌ಫಿಕ್ಸ್ ಎನ್ನುವುದು ಏಕೆ? ಡೆಬಿಯನ್ನಿನ ಡಿಫಾಲ್ಟ್ ಮೇಲ್ ಸರ್ವರ್ ಇಂದಿಗೂ ಎಕ್ಸಿಮ್. 1995ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಫಿಲಿಪ್ ಹೇಜಲ್ ಬರೆದದ್ದು. ಒಂದು ಸಂದೇಶವನ್ನು ಎಲ್ಲಿಗೆ, ಯಾವ ಷರತ್ತಿನ ಮೇಲೆ, ಯಾರ ಹೆಸರಿನಲ್ಲಿ ಕಳಿಸಬೇಕು ಎಂಬುದನ್ನು ಎಕ್ಸಿಮ್‌ನಲ್ಲಿ ಬರೆದಷ್ಟು ಸಲೀಸಾಗಿ ಬೇರೆಲ್ಲೂ ಬರೆಯಲಾಗುವುದಿಲ್ಲ. ಸಿಪ್ಯಾನೆಲ್ ಎಂಬ ನಿರ್ವಹಣಾ ಪುಟ ಇರುವ ವೆಬ್ ಹೋಸ್ಟಿಂಗ್ ಸರ್ವರ್‌ಗಳಲ್ಲೆಲ್ಲ ಓಡುತ್ತಿರುವುದು ಅದೇ. ಇವರ ಸಂಘದ ಹಳೆಯ ಪೆಟ್ಟಿಗೆಗಳೂ ಬಹುಶಃ ಅದರಲ್ಲೇ ಇದ್ದವು.

ಹೆಬ್ಬಾಳ_ಅಡ್ಮಿನ್

> ಡೆಬಿಯನ್ನಿನ ಡಿಫಾಲ್ಟ್ ಮೇಲ್ ಸರ್ವರ್ ಇಂದಿಗೂ ಎಕ್ಸಿಮ್

2019ರ ಜೂನ್ ನೆನಪಿದೆಯೇ? 4.87 ರಿಂದ 4.91 ರವರೆಗಿನ ಎಕ್ಸಿಮ್‌ಗಳಿಗೆ ಹೊರಗಿನಿಂದ ಒಂದು ವಿಳಾಸ ಬರೆದು ಕಳಿಸಿದರೆ ರೂಟ್ (ಯಂತ್ರದ ಪೂರ್ಣ) ಅಧಿಕಾರದಲ್ಲಿ ಆಜ್ಞೆ ಓಡುತ್ತಿತ್ತು. 2021ರಲ್ಲಿ ಭದ್ರತಾ ಕಂಪನಿ ಕ್ವಾಲಿಸ್‌ನವರು ಇನ್ನೂ ಇಪ್ಪತ್ತೊಂದು ತೂತುಗಳ ಪಟ್ಟಿಯನ್ನೇ ಹೊರತಂದರು. ದಿನವೂ ಸರ್ವರ್ ನೋಡಿಕೊಳ್ಳುವವರಿಗೆ ಎಕ್ಸಿಮ್ ಚೆನ್ನ. ಆರು ತಿಂಗಳಿಗೊಮ್ಮೆ ನೆನಪಾದಾಗ ಅಪ್‌ಡೇಟ್ ಮಾಡುವ ಕಚೇರಿಗೆ ಅಲ್ಲ.

ನಂಜನಗೂಡು_ರಸಬಾಳೆ

ಆರು ತಿಂಗಳಿಗೊಮ್ಮೆ ಅಪ್‌ಡೇಟ್ ಮಾಡುವವರು ಯಾವ ಸರ್ವರನ್ನೂ ಇಂಟರ್ನೆಟ್ಟಿಗೆ ತೆರೆದಿಡಬಾರದು. 2023ರ ಡಿಸೆಂಬರಿನಲ್ಲಿ ಎಸ್‌ಎಂಟಿಪಿ ಸ್ಮಗ್ಲಿಂಗ್ ಎಂಬ ಭದ್ರತಾ ದೋಷದ ಸುದ್ದಿ ಬಂದಾಗ ನಿಮ್ಮ ಪೋಸ್ಟ್‌ಫಿಕ್ಸೂ ಸೆಂಡ್‌ಮೇಲೂ ಎಕ್ಸಿಮ್ ಜೊತೆಗೇ ಸಾಲಿನಲ್ಲಿ ನಿಂತಿದ್ದವು.

ಟರ್ಮಿನಲ್_ಮೇಷ್ಟರು

ಪ್ರಶ್ನೆ ಕೇಳಿದವರು ಓಡಿಹೋಗುವ ಮೊದಲು ಒಂದು ಗೊಂದಲ ಬಿಡಿಸುತ್ತೇನೆ. ನಿಮ್ಮ ಪಟ್ಟಿಯಲ್ಲಿರುವ ಹೆಸರುಗಳೆಲ್ಲ ಒಂದೇ ಜಾತಿಯವಲ್ಲ. ಪೋಸ್ಟ್‌ಫಿಕ್ಸ್, ಎಕ್ಸಿಮ್, ಸೆಂಡ್‌ಮೇಲ್, ಕ್ಯೂಮೇಲ್ ಈ ನಾಲ್ಕು ಸಾಗಣೆಯವು. ಒಂದು ಸರ್ವರಿನಿಂದ ಇನ್ನೊಂದಕ್ಕೆ 25ನೇ ಪೋರ್ಟಿನಲ್ಲಿ ಎಸ್‌ಎಂಟಿಪಿ ಮಾತನಾಡುತ್ತವೆ. ಡೋವ್‌ಕಾಟ್, ಸೈರಸ್ ಬಂದ ಪತ್ರವನ್ನು ಪೆಟ್ಟಿಗೆಯಲ್ಲಿಟ್ಟು ನಿಮ್ಮ ಥಂಡರ್‌ಬರ್ಡಿಗೋ ಮೊಬೈಲಿಗೋ 993ನೇ ಪೋರ್ಟಿನಲ್ಲಿ ತೋರಿಸುವಂಥವು. ಕಸ ಸೋಸಲು ಆರ್‌ಸ್ಪ್ಯಾಮ್‌ಡಿ ಅಥವಾ ಸ್ಪ್ಯಾಮ್‌ಅಸ್ಯಾಸಿನ್. ಹಾಗಾಗಿ ನಿಮಗೆ ಬೇಕಿರುವುದು ಮೂರೂ ವಿಭಾಗದಿಂದ ಒಂದೊಂದು.

ಸೆಂಡ್‌ಮೇಲ್ ವಿಷಯಕ್ಕೆ ಬಂದರೆ, ಅದು ಎರಿಕ್ ಆಲ್ಮನ್ ಬರ್ಕ್ಲಿಯಲ್ಲಿ ಬರೆದದ್ದು. ಇಂಟರ್ನೆಟ್ ಇನ್ನೂ ಒಂದು ರೂಪಕ್ಕೆ ಬಾರದ ಕಾಲ. ಹತ್ತು ಬಗೆಯ ಜಾಲಗಳಿದ್ದವು, ಒಂದೊಂದರ ವಿಳಾಸ ಬರೆಯುವ ರೀತಿಯೂ ಬೇರೆ. ಅವನ್ನೆಲ್ಲ ಪರಸ್ಪರ ತಿರುಗಿಸಬಲ್ಲ ನಿಯಮಗಳ ಯಂತ್ರವನ್ನೇ ಅವರು ಕಟ್ಟಿದರು. ಅದಕ್ಕೇ ಅದರ ಸಂರಚನಾ ಕಡತ ಕೋಳಿ ಕೆದರಿದ ತಿಪ್ಪೆಯ ಹಾಗೆ ಕಾಣುತ್ತದೆ. ಕೈಯಲ್ಲಿ ಬರೆಯಲಾಗದೆ ಎಂ4 ಎಂಬ ಮ್ಯಾಕ್ರೋ ಭಾಷೆಯಲ್ಲಿ ಬರೆದು ಅದನ್ನು ಹುಟ್ಟಿಸಬೇಕು. 1988ರ ಮಾರಿಸ್ ವರ್ಮ್ (ತಾನೇ ಹರಡುವ ಪ್ರೋಗ್ರಾಂ) ನುಗ್ಗಿದ ದಾರಿಗಳಲ್ಲಿ ಸೆಂಡ್‌ಮೇಲಿನ ಡಿಬಗ್ ಬಾಗಿಲೂ ಒಂದು. ಮೈಸೂರಿನ ಕಾಲೇಜು ಪ್ರಯೋಗಾಲಯಗಳಲ್ಲಿ ರೆಡ್ ಹ್ಯಾಟ್ ಲಿನಕ್ಸ್ ಹಾಕಿದ ಯಂತ್ರಗಳಲ್ಲಿ ಅದು ತಾನಾಗಿಯೇ ಓಡುತ್ತಿತ್ತು, ಏಕೆ ಓಡುತ್ತಿದೆ ಎಂದು ಯಾರೂ ಕೇಳುತ್ತಿರಲಿಲ್ಲ. ರೆಡ್ ಹ್ಯಾಟ್‌ನವರೂ ಎಂಟರ್‌ಪ್ರೈಸ್ 6ರಲ್ಲಿ ಪೋಸ್ಟ್‌ಫಿಕ್ಸ್ ಕಡೆ ಬಂದರು.

ಪಾಂಡವಪುರ_ಪೈಥಾನ್

ಕ್ಯೂಮೇಲ್ ಬಗ್ಗೆ ಯಾರೂ ಏನೂ ಹೇಳಲಿಲ್ಲ. ಭದ್ರತೆಯಲ್ಲಿ ಅದರಷ್ಟು ಗಟ್ಟಿ ಇನ್ನೊಂದಿಲ್ಲ ಎಂದು ಕೇಳಿದ್ದೇನೆ.

ಟರ್ಮಿನಲ್_ಮೇಷ್ಟರು

ಗಟ್ಟಿ ಹೌದು. ಡಿ. ಜೆ. ಬರ್ನ್‌ಸ್ಟೈನ್ ತಪ್ಪು ಹುಡುಕಿದವರಿಗೆ 500 ಡಾಲರ್ ಎಂದು ಬಹುಮಾನವನ್ನೇ ಇಟ್ಟಿದ್ದರು, ಆಮೇಲೆ 1000ಕ್ಕೆ ಏರಿಸಿದರು. ಪ್ರತಿ ಸಂದೇಶಕ್ಕೂ ಒಂದೊಂದು ಕಡತ ಎಂಬ ಮೇಲ್‌ಡಿರ್ ಪದ್ಧತಿಯೂ ಅವರದ್ದೇ, ಅದನ್ನು ಈಗ ಎಲ್ಲರೂ ಬಳಸುತ್ತಾರೆ. ಆದರೆ ಅವರ ಕೈಯಿಂದ ಬಂದ ಕೊನೆಯ ಆವೃತ್ತಿ 1998ರ 1.03. ಇಂದಿನ ಅಗತ್ಯಗಳನ್ನೆಲ್ಲ ಹೊರಗಿನವರ ತೇಪೆ ಹಾಕಿಯೇ ಪೂರೈಸಬೇಕು. ನಾಟ್‌ಕ್ಯೂಮೇಲ್ ಎಂಬ ಹೆಸರಿನಲ್ಲಿ ಕೆಲವರು ಅದನ್ನು ಜೀವಂತ ಇಟ್ಟಿದ್ದಾರೆ, ಅವರಿಗೆ ಒಳ್ಳೆಯದಾಗಲಿ. ಹೊಸಬರಿಗೆ ಬೇಡ.

ಪೋಸ್ಟ್‌ಫಿಕ್ಸ್ ಹುಟ್ಟಿದ್ದೂ 1998ರಲ್ಲೇ, ಐಬಿಎಂ ಸಂಶೋಧನಾ ಕೇಂದ್ರದಲ್ಲಿ. ಬರೆದ ವೀತ್ಸೆ ವೆನೆಮಾ ಅದಕ್ಕೂ ಮೊದಲು ಟಿಸಿಪಿ ರ‍್ಯಾಪರ್ಸ್ ಬರೆದಿದ್ದ ಭದ್ರತಾ ತಜ್ಞರು. ಕೆಲಸವನ್ನು ಚಿಕ್ಕ ಚಿಕ್ಕ ಪ್ರಕ್ರಿಯೆಗಳಿಗೆ ಹಂಚಿ, ಒಂದರ ಮೇಲೆ ಇನ್ನೊಂದಕ್ಕೆ ನಂಬಿಕೆ ಇರದಂತೆ ಕಟ್ಟಿದ್ದಾರೆ. ಎಕ್ಸಿಮ್ ಒಂದೇ ದೊಡ್ಡ ಪ್ರೋಗ್ರಾಂ. ವ್ಯತ್ಯಾಸ ಇರುವುದು ಅಲ್ಲಿ.

ಲೆಕ್ಕದ_ಪುಸ್ತಕ

ನೀವೆಲ್ಲ ಸೇರಿ ಆ ಮನುಷ್ಯನನ್ನು ಗುಂಡಿಗೆ ತಳ್ಳುತ್ತಿದ್ದೀರಿ. ತಂತ್ರಾಂಶ ಬಿಟ್ಟಿ, ಸಮಯ ಬಿಟ್ಟಿಯಲ್ಲ. ದಸರಾ ರಜೆಯಲ್ಲಿ ಸರ್ವರ್ ನಿಂತರೆ ಯಾರು ಎಬ್ಬಿಸುತ್ತಾರೆ? ನಾನು ಲೆಕ್ಕ ನೋಡುವ ಸಂಸ್ಥೆಯೊಂದರಲ್ಲಿ ಹೀಗೆಯೇ ಒಬ್ಬ ಉತ್ಸಾಹಿ ಎಲ್ಲವನ್ನೂ ಕಟ್ಟಿಕೊಟ್ಟು ಬೆಂಗಳೂರಿಗೆ ಕೆಲಸಕ್ಕೆ ಹೋದರು. ಪಾಸ್‌ವರ್ಡ್ ಅವರ ಜೊತೆಗೇ ಹೋಯಿತು. ಜಿಎಸ್‌ಟಿ ಪೋರ್ಟಲಿನ ಒಟಿಪಿ ಆ ಮೇಲ್ ವಿಳಾಸಕ್ಕೆ ಬರಬೇಕಿತ್ತು, ಗಡುವು ಮುಗಿದು ದಂಡ ಕಟ್ಟಿದರು. ಇಪ್ಪತ್ತೈದು ಪೆಟ್ಟಿಗೆಗೆ ಬಾಡಿಗೆ ಕಟ್ಟಿ ನೆಮ್ಮದಿಯಾಗಿರಿ.

ಮದ್ದೂರುವಡೆ

ಇಪ್ಪತ್ತೈದರಲ್ಲಿ ಹದಿನೈದು ಪೆಟ್ಟಿಗೆಗಳನ್ನು ಯಾರೂ ತೆರೆದೇ ಇರುವುದಿಲ್ಲ ಎಂದು ಪಂದ್ಯ ಕಟ್ಟುತ್ತೇನೆ.

ಬೆಲ್ಲದಗಾಣ

ರೂಟರ್ ನೋಡಿದೆ. 100.72 ಎಂದು ಶುರುವಾಗುತ್ತದೆ. ಅಂದರೆ ಡೆಸ್ಕ್‌ಟಾಪ್ ಕತೆ ಮುಗಿಯಿತು ಎಂದರ್ಥವೇ? ಸ್ಥಿರ ಐಪಿ ಕೇಳಿದೆ, ವ್ಯಾಪಾರಿ ಸಂಪರ್ಕಕ್ಕೆ ಬದಲಾಯಿಸಿಕೊಳ್ಳಿ ಎಂದರು. ಪಿಟಿಆರ್ ಕೇಳಿದೆ. ರೂಟರ್ ಆರಿಸಿ ಹಾಕಲು ಹೇಳಿದರು.

ಲೆಕ್ಕದ ಪುಸ್ತಕದವರೇ, ನಿಮ್ಮ ಮಾತನ್ನು ಸಭೆಗೆ ಮುಟ್ಟಿಸುತ್ತೇನೆ. ಆದರೆ ಒಂದು ಸಣ್ಣ ವಿಪಿಎಸ್‌ಗೆ (ಬೇರೆಡೆ ಇರುವ ಬಾಡಿಗೆ ಸರ್ವರಿಗೆ) ಹಣ ಕಟ್ಟಲು ಅವರು ಒಪ್ಪುತ್ತಾರೆ, ತಲೆಗಿಷ್ಟು ಎಂಬುದಕ್ಕೆ ಮಾತ್ರ ಒಪ್ಪುವುದಿಲ್ಲ. ತೆರೆಯದ ಪೆಟ್ಟಿಗೆಗೂ ಏಕೆ ದುಡ್ಡು ಎನ್ನುತ್ತಾರೆ. (ವಡೆಯವರ ಪಂದ್ಯ ಗೆದ್ದ ಹಾಗೆಯೇ.)

ಹೆಬ್ಬಾಳ_ಅಡ್ಮಿನ್

ವಿಪಿಎಸ್ ಸರಿ. ಮುಂಬೈನಲ್ಲೋ ಬೆಂಗಳೂರಿನಲ್ಲೋ ಯಂತ್ರವಿರುವ ಕಂಪನಿ ನೋಡಿ. ಪಿಟಿಆರ್ ಅನ್ನು ಅವರ ಪುಟದಲ್ಲಿ ನೀವೇ ಬರೆದುಕೊಳ್ಳಬಹುದು. ಆದರೆ ಹಣ ಕಟ್ಟುವ ಮೊದಲು ಕೇಳಿ: 25ನೇ ಪೋರ್ಟ್ ಹೊರಗೆ ಹೋಗಲು ಬಿಡುತ್ತೀರಾ? ಕ್ಲೌಡ್ ಕಂಪನಿಗಳು ಅದನ್ನು ಸಾಮಾನ್ಯವಾಗಿ ಮುಚ್ಚಿಟ್ಟಿರುತ್ತವೆ, ಅಮೆಜಾನ್‌ನಲ್ಲಿ ಅರ್ಜಿ ಹಾಕಿ ತೆರೆಸಿಕೊಳ್ಳಬೇಕು. ಒಳಗೆ ಬರುವುದಕ್ಕೆ ತೊಂದರೆ ಇರುವುದಿಲ್ಲ, ಹೊರಗೆ ಹೋಗುವುದಕ್ಕೆ ಇರುತ್ತದೆ.

ಅದಕ್ಕೆ ನನ್ನ ಸಲಹೆ: ಬರುವ ಮೇಲ್ ನಿಮ್ಮ ಸರ್ವರಿಗೇ ಬರಲಿ, ಹೋಗುವ ಮೇಲ್ ಮಾತ್ರ ಒಂದು ರಿಲೇ ಸೇವೆಯ (ನಿಮ್ಮ ಮೇಲನ್ನು ತನ್ನ ಸರ್ವರಿನಿಂದ ಮುಂದೆ ಕಳಿಸುವ ಕಂಪನಿಯ) ಮೂಲಕ ಹೋಗಲಿ. ಪೆಟ್ಟಿಗೆಯ ಲೆಕ್ಕ ನಿಮ್ಮ ಕೈಯಲ್ಲಿ, ಐಪಿಯ ಮರ್ಯಾದೆ ಕಾಯುವ ಕೆಲಸ ಅವರ ಕೈಯಲ್ಲಿ. ನೀಲಿ ಪರದೆಯಲ್ಲಿ "ಸ್ಮಾರ್ಟ್‌ಹೋಸ್ಟ್" ಎಂದಿತ್ತಲ್ಲ, ಅದು ಇದೇ ವ್ಯವಸ್ಥೆ. ಅದನ್ನೇ ಆರಿಸಿ, ರಿಲೇಹೋಸ್ಟ್ ಜಾಗದಲ್ಲಿ ಸೇವೆಯ ಹೆಸರನ್ನು ಚೌಕ ಆವರಣದೊಳಗೆ ಬರೆದು ಹೊರಗೆ 587 ಎಂದು ಪೋರ್ಟ್ ಕೊಡಿ. ಡೆಬಿಯನ್‌ನಲ್ಲಿ ಲಿಬ್‌ಎಸ್‌ಎಎಸ್‌ಎಲ್2-ಮಾಡ್ಯೂಲ್ಸ್ ಪ್ಯಾಕೇಜನ್ನು ಪ್ರತ್ಯೇಕವಾಗಿ ಹಾಕಬೇಕು. ಹಾಕದಿದ್ದರೆ ಪಾಸ್‌ವರ್ಡ್ ಸರಿಯಿದ್ದರೂ "ಯೋಗ್ಯ ವಿಧಾನ ಸಿಗಲಿಲ್ಲ" ಎಂಬರ್ಥದ ದೋಷ ತೋರಿಸಿ ತಲೆ ತಿನ್ನುತ್ತದೆ.

ವಿಜಯನಗರ_2ನೇ_ಹಂತ

ಇಷ್ಟೆಲ್ಲ ಕೈಯಲ್ಲಿ ಕಟ್ಟುವುದೇಕೆ? ಮೇಲ್‌ಕೌ ಹಾಕಿ. ಡಾಕರ್ (ತಂತ್ರಾಂಶಗಳನ್ನು ಒಟ್ಟಿಗೆ ಕಟ್ಟಿ ಓಡಿಸುವ ವ್ಯವಸ್ಥೆ) ಒಳಗೆ ಪೋಸ್ಟ್‌ಫಿಕ್ಸ್, ಡೋವ್‌ಕಾಟ್, ಆರ್‌ಸ್ಪ್ಯಾಮ್‌ಡಿ, ವೆಬ್‌ಮೇಲ್ ಎಲ್ಲ ಒಟ್ಟಿಗೆ ಬರುತ್ತದೆ. ಬಳಕೆದಾರರನ್ನು ಸೇರಿಸಲು ಬ್ರೌಸರ್ ಸಾಕು. ಮೇಲ್-ಇನ್-ಎ-ಬಾಕ್ಸ್, ಐರೆಡ್‌ಮೇಲ್ ಕೂಡ ಇವೆ.

ಹೆಬ್ಬಾಳ_ಅಡ್ಮಿನ್

ಮೇಲ್‌ಕೌ ದಸ್ತಾವೇಜಿನಲ್ಲೇ ಕನಿಷ್ಠ 6 ಜಿಬಿ ಮೆಮೊರಿ ಎಂದಿದೆ. ಅದರಲ್ಲಿ ದೊಡ್ಡ ಪಾಲು ವೈರಸ್ ಹುಡುಕುವ ಕ್ಲ್ಯಾಮ್‌ಎವಿಯದ್ದು. ಮೇಲ್-ಇನ್-ಎ-ಬಾಕ್ಸ್ ಹೊಸದಾಗಿ ಹಾಕಿದ ಉಬುಂಟು 22.04ರ ಮೇಲೆ ಮಾತ್ರ ಕೂರುತ್ತದೆ, ಇವರ ಡೆಬಿಯನ್ ಅದಕ್ಕೆ ಆಗಿಬರುವುದಿಲ್ಲ. ದೊಡ್ಡ ಯಂತ್ರ ಬಾಡಿಗೆಗೆ ತೆಗೆದುಕೊಂಡರೆ ಮೇಲ್‌ಕೌ ಒಳ್ಳೆಯದೇ, ಬೇಡ ಎನ್ನುವುದಿಲ್ಲ.

ವಿಜಯನಗರ_2ನೇ_ಹಂತ

ಅದನ್ನೇ ನಾನು ಹೇಳುವುದು. ಇವರು ಹೋದ ಮೇಲೆ ಬರುವವರಿಗೆ ಬ್ರೌಸರ್ ಪುಟ ಅರ್ಥವಾಗುತ್ತದೆ, ನಿಮ್ಮ ಮೇನ್.ಸಿಎಫ್ ಎಂಬ ಸಂರಚನಾ ಕಡತ ಅರ್ಥವಾಗುವುದಿಲ್ಲ. ಲೆಕ್ಕದ ಪುಸ್ತಕದವರು ಹೇಳಿದ ಕತೆಗೆ ಮದ್ದು ಇದೇ.

ಟರ್ಮಿನಲ್_ಮೇಷ್ಟರು

ಬ್ರೌಸರ್ ಪುಟ ಎಲ್ಲವೂ ಸರಿಯಿದ್ದಾಗ ಅರ್ಥವಾಗುತ್ತದೆ. ಮೇಲ್ ನಿಂತಾಗ ಎಲ್ಲರೂ ಇಳಿಯಬೇಕಾದದ್ದು ಲಾಗಿಗೇ, ಸರ್ವರ್ ಬರೆದಿಡುವ ದಿನಚರಿಗೆ. ಪೋಸ್ಟ್‌ಫಿಕ್ಸ್ ಲಾಗಿನ ಒಂದು ಸಾಲನ್ನು ಓದಲು ಕಲಿತವರು ಮೇಲ್‌ಕೌ ಹಾಕಿದರೂ ಬದುಕುತ್ತಾರೆ, ಕಲಿಯದವರು ಯಾವುದನ್ನು ಹಾಕಿದರೂ ಇಲ್ಲಿಗೇ ಬಂದು ಕೇಳುತ್ತಾರೆ.

ಕಲಿಯುವವ_ಮಂಡ್ಯ

ನಾನೂ ಪ್ರಯೋಗಕ್ಕೆ ಪೋಸ್ಟ್‌ಫಿಕ್ಸ್ ಹಾಕಿದ್ದೇನೆ. ಮೊಬೈಲಿನಿಂದ ಕಳಿಸುವಾಗ 554, ರಿಲೇ ನಿರಾಕರಿಸಲಾಗಿದೆ ಎಂದು ಬರುತ್ತಿತ್ತು. ಮೈನೆಟ್‌ವರ್ಕ್ಸ್ ಎಂಬಲ್ಲಿ 0.0.0.0/0 ಎಂದು ಬರೆದ ಮೇಲೆ ಸರಿಹೋಯಿತು. ಬೆಲ್ಲದವರಿಗೆ ಉಪಯೋಗವಾಗಬಹುದು ಎಂದು ಹೇಳುತ್ತಿದ್ದೇನೆ.

ಹೆಬ್ಬಾಳ_ಅಡ್ಮಿನ್

ಈ ಕ್ಷಣವೇ ಅದನ್ನು ಅಳಿಸಿ! ಪೋಸ್ಟ್‌ಫಿಕ್ಸ್ ನಿಲ್ಲಿಸಿ, ಆಮೇಲೆ ಮುಂದೆ ಓದಿ.

ನೀವು ಬರೆದದ್ದರ ಅರ್ಥ "ಜಗತ್ತಿನ ಯಾರು ಬೇಕಾದರೂ ನನ್ನ ಮೂಲಕ ಯಾರಿಗೆ ಬೇಕಾದರೂ ಮೇಲ್ ಕಳಿಸಬಹುದು" ಎಂದು. ಓಪನ್ ರಿಲೇ ಎಂದರೆ ಇದೇ. ಇಂಥವನ್ನು ಹುಡುಕುತ್ತಾ ಯಂತ್ರಗಳು ಹಗಲೂ ರಾತ್ರಿ ತಿರುಗುತ್ತಿರುತ್ತವೆ. ಮೊಬೈಲಿನಿಂದ ಕಳಿಸಲು 25ನೇ ಪೋರ್ಟ್ ಬಳಸಬಾರದು. 465 ಅಥವಾ 587ರಲ್ಲಿ ಬಳಕೆದಾರರ ಹೆಸರು, ಪಾಸ್‌ವರ್ಡ್ ಕೊಟ್ಟು ಒಳಬರಬೇಕು. 2018ರ ಆರ್‌ಎಫ್‌ಸಿ 8314 ಎಂಬ ಇಂಟರ್ನೆಟ್ ಮಾನದಂಡ, ಮೊದಲಿನಿಂದಲೇ ಟಿಎಲ್‌ಎಸ್ (ಗೂಢಲಿಪೀಕರಣ) ಇರುವ 465 ಉತ್ತಮ ಎನ್ನುತ್ತದೆ. ಮೈನೆಟ್‌ವರ್ಕ್ಸ್‌ನಲ್ಲಿ 127.0.0.0/8 (ಅದೇ ಯಂತ್ರ) ಇದ್ದರೆ ಸಾಕು.

ಮದ್ದೂರುವಡೆ

ಸರತಿಯಲ್ಲಿ ಈಗಾಗಲೇ ಎಷ್ಟಿವೆ ನೋಡಿ ಸ್ವಾಮಿ. ಮೇಲ್‌ಕ್ಯೂ ಎಂದು ಟೈಪ್ ಮಾಡಿ.

ಕಲಿಯುವವ_ಮಂಡ್ಯ

ಪರದೆ ಉರುಳುತ್ತಲೇ ಇದೆ. ನಿಲ್ಲುತ್ತಿಲ್ಲ.

ನಂಜನಗೂಡು_ರಸಬಾಳೆ

ಪೋಸ್ಟ್‌ಸೂಪರ್ -ಡಿ ಆಲ್ ಎನ್ನಿ, ಸರತಿ ಪೂರ್ತಿ ಅಳಿಯುತ್ತದೆ. ಆಲ್ ಎಂಬುದು ದೊಡ್ಡಕ್ಷರದಲ್ಲಿ ಇರಬೇಕು. (ಎಕ್ಸಿಮ್‌ನವನೇ ಬಂದು ಪೋಸ್ಟ್‌ಫಿಕ್ಸ್ ಆಜ್ಞೆ ಹೇಳಿಕೊಡುವ ಕಾಲ ಬಂತು.)

ಬೆಲ್ಲದಗಾಣ

ವಿಪಿಎಸ್ ಸಿಕ್ಕಿತು, ಡೆಬಿಯನ್ 13, 2 ಜಿಬಿ ಮೆಮೊರಿ. ಸ್ಮಾರ್ಟ್‌ಹೋಸ್ಟ್ ಆರಿಸಿ ಪೋಸ್ಟ್‌ಫಿಕ್ಸ್ ಹಾಕಿದೆ. ಈಗ ಎರಡು ತಲೆನೋವು. ವಾರ್/ಲಾಗ್ ಒಳಗೆ ಮೇಲ್.ಲಾಗ್ ಎಂಬ ಕಡತವೇ ಇಲ್ಲ. ಇನ್ನೊಂದು, ಡೋವ್‌ಕಾಟ್ ಏಳುತ್ತಿಲ್ಲ. ಮಾರ್ಗದರ್ಶಿ ನೋಡಿ ಅಕ್ಷರ ಬಿಡದೆ ಬರೆದಿದ್ದೇನೆ, ಆದರೂ ಮೇಲ್_ಲೊಕೇಶನ್ ಗೊತ್ತಿಲ್ಲ ಎನ್ನುತ್ತದೆ.

ಹೆಬ್ಬಾಳ_ಅಡ್ಮಿನ್

ಎರಡಕ್ಕೂ ಕಾರಣ ಒಂದೇ, ಮಾರ್ಗದರ್ಶಿ ಹಳೆಯದು.

ಡೆಬಿಯನ್ 12ರಿಂದ, ಲಾಗನ್ನು ಕಡತಕ್ಕೆ ಬರೆಯುವ ಆರ್‌ಸಿಸ್‌ಲಾಗ್ ತಾನಾಗಿ ಬರುವುದಿಲ್ಲ. ಜರ್ನಲ್‌ಸಿಟಿಎಲ್ ಬಳಸಿ ಪೋಸ್ಟ್‌ಫಿಕ್ಸ್ ಸೇವೆಯ ಲಾಗ್ ಓದಿ, ಅಥವಾ ಆರ್‌ಸಿಸ್‌ಲಾಗ್ ಹಾಕಿಕೊಳ್ಳಿ. ದಾಳಿಕೋರರ ಐಪಿ ತಡೆಯುವ ಫೇಲ್2ಬ್ಯಾನ್ ಹಾಕುವ ಆಲೋಚನೆ ಇದ್ದರೆ ಅದಕ್ಕೂ ಬ್ಯಾಕೆಂಡ್ ಸಿಸ್ಟಂಡಿ ಎಂದು ತಿಳಿಸಬೇಕು, ಇಲ್ಲವಾದರೆ ಇಲ್ಲದ ಕಡತವನ್ನು ಹುಡುಕುತ್ತಾ ಕೂರುತ್ತದೆ.

ಡೋವ್‌ಕಾಟ್ 2.4 ಬಂದದ್ದು 2025ರ ಜನವರಿಯಲ್ಲಿ. ಡೆಬಿಯನ್ 13ರಲ್ಲಿ ಇರುವುದು ಅದೇ. 2.3ರ ಸಂರಚನೆ ಅದರಲ್ಲಿ ಓಡುವುದೇ ಇಲ್ಲ. ಕಡತದ ಮೊದಲ ಸಾಲಿನಲ್ಲೇ ಡೋವ್‌ಕಾಟ್_ಕಾನ್ಫಿಗ್_ವರ್ಷನ್ ಇರಬೇಕು. ಮೇಲ್_ಲೊಕೇಶನ್ ಒಡೆದು ಮೇಲ್_ಡ್ರೈವರ್, ಮೇಲ್_ಪಾತ್ ಎಂದು ಎರಡಾಗಿದೆ. ಎಸ್‌ಎಸ್‌ಎಲ್_ಸರ್ಟ್ ಈಗ ಎಸ್‌ಎಸ್‌ಎಲ್_ಸರ್ವರ್_ಸರ್ಟ್_ಫೈಲ್, ಅದರ ಮುಂದಿದ್ದ ಕೋನದ ಚಿಹ್ನೆಯೂ ಹೋಯಿತು. ಡೋವ್‌ಕಾಟ್‌ನ ಅಧಿಕೃತ ದಸ್ತಾವೇಜಿನಲ್ಲಿ 2.3ರಿಂದ 2.4ಕ್ಕೆ ಎಂಬ ಪುಟವಿದೆ. ಅದನ್ನು ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ತಿದ್ದಿ. 2025ಕ್ಕಿಂತ ಹಿಂದಿನ ಯಾವ ಲೇಖನವನ್ನೂ ಕುರುಡಾಗಿ ನಕಲು ಮಾಡಬೇಡಿ.

ಟರ್ಮಿನಲ್_ಮೇಷ್ಟರು

ಇನ್ನೊಂದು ಎಡವುವ ಕಲ್ಲು: ಸಂಘದ ಡೊಮೈನನ್ನು ಮೈಡೆಸ್ಟಿನೇಶನ್‌ನಲ್ಲೂ ವರ್ಚುವಲ್_ಮೇಲ್‌ಬಾಕ್ಸ್_ಡೊಮೈನ್ಸ್‌ನಲ್ಲೂ ಬರೆಯಬೇಡಿ. ಎರಡರಲ್ಲಿ ಒಂದೇ. ಸದಸ್ಯರಿಗೆಲ್ಲ ಲಿನಕ್ಸ್ ಲಾಗಿನ್ ಕೊಡುವ ಉದ್ದೇಶ ಇಲ್ಲದಿದ್ದರೆ ವರ್ಚುವಲ್ ಕಡೆಯೇ ಇರಲಿ, ಎಲ್‌ಎಂಟಿಪಿ (ಪೆಟ್ಟಿಗೆಗೆ ಮೇಲ್ ಹಸ್ತಾಂತರಿಸುವ ವಿಧಾನ) ಮೂಲಕ ಡೋವ್‌ಕಾಟ್ ಕೈಗೆ ಒಪ್ಪಿಸಿ. ದೃಢೀಕರಣದ ಸಾಕೆಟ್ ವಾರ್/ಸ್ಪೂಲ್/ಪೋಸ್ಟ್‌ಫಿಕ್ಸ್/ಪ್ರೈವೇಟ್ ಒಳಗಿರಬೇಕು. ಹೊರಗಿಟ್ಟರೆ ಕ್ರೂಟ್ (ಪ್ರೋಗ್ರಾಂ ಒಂದು ಕೋಶದ ಆಚೆ ನೋಡದಂತೆ ಕೂಡಿಹಾಕುವುದು) ಇದ್ದಾಗ ಪೋಸ್ಟ್‌ಫಿಕ್ಸ್‌ಗೆ ಕಾಣುವುದಿಲ್ಲ. ಏನು ಬದಲಾಯಿಸಿದ್ದೀರಿ ಎಂದು ಇಲ್ಲಿ ತೋರಿಸುವಾಗ ಇಡೀ ಮೇನ್.ಸಿಎಫ್ ಅಂಟಿಸಬೇಡಿ, ಪೋಸ್ಟ್‌ಕಾನ್ಫ್ -ಎನ್ ಕೊಡುವಷ್ಟು ಸಾಕು.

ಪಾಂಡವಪುರ_ಪೈಥಾನ್

ವಿಷಯಾಂತರಕ್ಕೆ ಕ್ಷಮೆ ಇರಲಿ. ಇಷ್ಟೆಲ್ಲ ಮಾಡುವುದಾದರೆ ವಿಳಾಸವನ್ನೇ ಕನ್ನಡದಲ್ಲಿ ಇಟ್ಟುಕೊಳ್ಳಬಹುದಲ್ಲ? ಡಾಟ್ ಭಾರತ ಡೊಮೈನ್ ಕನ್ನಡ ಲಿಪಿಯಲ್ಲೇ ಸಿಗುತ್ತದೆ.

ಟರ್ಮಿನಲ್_ಮೇಷ್ಟರು

ಇಟ್ಟುಕೊಳ್ಳಬಹುದು. ಪೋಸ್ಟ್‌ಫಿಕ್ಸ್‌ಗೆ ಇಂಥ ವಿಳಾಸ ಒಪ್ಪುವ ಎಸ್‌ಎಂಟಿಪಿಯುಟಿಎಫ್8 ಬಂದದ್ದು 2015ರ 3.0 ಆವೃತ್ತಿಯಲ್ಲಿ. ಆದರೆ ದಾರಿಯಲ್ಲಿರುವ ಪ್ರತಿಯೊಂದು ಸರ್ವರೂ ಅದನ್ನು ಒಪ್ಪಬೇಕು. ಒಂದು ಒಪ್ಪದಿದ್ದರೂ ಪತ್ರ ವಾಪಸ್. ಬ್ಯಾಂಕಿನ ಅರ್ಜಿ ನಮೂನೆಗೆ ಕನ್ನಡ ವಿಳಾಸ ಬರೆದು ನೋಡಿ, "ಸರಿಯಾದ ಇಮೇಲ್ ನಮೂದಿಸಿ" ಎನ್ನುತ್ತದೆ. ಇಂಗ್ಲಿಷ್ ಅಕ್ಷರದ ವಿಳಾಸ ಮುಖ್ಯವಾಗಿರಲಿ, ಕನ್ನಡದ್ದು ಅಲಿಯಾಸ್ ಆಗಿರಲಿ.

ವಿಷಯದ ಸಾಲಿನಲ್ಲಿ ಕನ್ನಡ ಬರೆಯುವುದಕ್ಕೆ ಯಾವ ತೊಂದರೆಯೂ ಇಲ್ಲ, ಅದರ ಒಳಗುಟ್ಟು ಮಾತ್ರ ಸ್ವಾರಸ್ಯಕರ. ಕನ್ನಡದ ಒಂದೊಂದು ಸಂಕೇತಕ್ಕೂ ಯುಟಿಎಫ್-8ರಲ್ಲಿ ಮೂರು ಬೈಟ್. ಅದು ಬೇಸ್64 (ಮೇಲಿನಲ್ಲಿ ಸಾಗಿಸಲು ಇಂಗ್ಲಿಷ್ ಅಕ್ಷರ, ಅಂಕಿಗಳಲ್ಲಿ ಬರೆಯುವ ರೀತಿ) ಆದಾಗ ನಾಲ್ಕು ಅಕ್ಷರ. ಒಂದು ತುಣುಕು 75 ಅಕ್ಷರ ಮೀರಬಾರದು ಎಂಬ ನಿಯಮವಿದೆ. ಆಚೀಚೆಯ ಗುರುತುಗಳನ್ನು ಕಳೆದರೆ ಹದಿನೈದು ಸಂಕೇತಗಳಿಗೆ ಒಂದು ತುಣುಕು ಮುಗಿಯುತ್ತದೆ. ಒತ್ತಕ್ಷರ, ಗುಣಿತ ಎಲ್ಲವೂ ಬೇರೆ ಬೇರೆ ಸಂಕೇತಗಳಾದ್ದರಿಂದ "ಸರ್ವ ಸದಸ್ಯರ ವಾರ್ಷಿಕ ಮಹಾಸಭೆ" ಎಂಬುದಕ್ಕೇ ಎರಡು ತುಣುಕು ಬೇಕು. ಕೆಲವು ಹಳೆಯ ಪ್ರೋಗ್ರಾಂಗಳು ಬೈಟಿನ ನಡುವೆಯೇ ಕತ್ತರಿಸಿ ಪ್ರಶ್ನಾರ್ಥಕ ಚಿಹ್ನೆ ಉದುರಿಸುವುದು ಇದಕ್ಕೇ.

ನಂಜನಗೂಡು_ರಸಬಾಳೆ

ಅದೇ ಕಾರಣಕ್ಕೆ ಪೋಸ್ಟ್‌ಫಿಕ್ಸ್‌ನ ಹೆಡರ್_ಚೆಕ್ಸ್‌ನಲ್ಲಿ "ಲಾಟರಿ" ಎಂದು ಕನ್ನಡದಲ್ಲಿ ಬರೆದು ತಡೆಯಲು ಹೋದರೆ ಒಂದೂ ಸಿಕ್ಕಿಬೀಳುವುದಿಲ್ಲ. ಅದು ಬೇಸ್64 ಬಿಡಿಸಿ ನೋಡುವುದಿಲ್ಲ. ಆರ್‌ಸ್ಪ್ಯಾಮ್‌ಡಿ ಬಿಡಿಸಿ ನೋಡುತ್ತದೆ. ಹೇಳಬೇಕೆಂದರೆ ಎಕ್ಸಿಮ್ ಕೂಡ ಬಿಡಿಸಿ ನೋಡುತ್ತದೆ.

ಮದ್ದೂರುವಡೆ

ಹೇಳದೇ ಇರಲಾಗಲಿಲ್ಲ ನೋಡಿ ಇವರಿಗೆ.

ಬೆಲ್ಲದಗಾಣ

ಡೋವ್‌ಕಾಟ್ ಎದ್ದಿತು! ಮೇಲ್ ಒಳಗೆ ಬರುತ್ತಿದೆ, ಹೊರಗೂ ಹೋಗುತ್ತಿದೆ. ಆದರೆ ಜಿಮೇಲಿಗೆ ಹೋದದ್ದು ಸ್ಪ್ಯಾಮ್ ಪೆಟ್ಟಿಗೆಯಲ್ಲಿ ಬೀಳುತ್ತಿದೆ. ಎಸ್‌ಪಿಎಫ್ (ನಮ್ಮ ಹೆಸರಿನಲ್ಲಿ ಯಾವ ಸರ್ವರ್ ಮೇಲ್ ಕಳಿಸಬಹುದೆಂಬ ದಾಖಲೆ) ಹಾಕಿದ್ದೇನೆ, ಡಿಕಿಮ್ (ಮೇಲಿನ ಡಿಜಿಟಲ್ ಸಹಿ) ಕೂಡ ಹಾಕಿದ್ದೇನೆ. ಪರೀಕ್ಷಿಸಿದರೆ ಡಿಕಿಮ್ ಕೀಲಿ ತಪ್ಪು ಎನ್ನುತ್ತದೆ, ಎಸ್‌ಪಿಎಫ್‌ಗೆ ಪರ್ಮ್‌ಎರರ್ ಎನ್ನುತ್ತದೆ.

ಹೆಬ್ಬಾಳ_ಅಡ್ಮಿನ್

ಎಸ್‌ಪಿಎಫ್ ದಾಖಲೆ ಎರಡು ಇವೆಯೇ ನೋಡಿ. ಹಳೆಯ ವೆಬ್‌ಸೈಟ್ ಕಂಪನಿಯದ್ದು ಒಂದು ಉಳಿದುಕೊಂಡಿರುತ್ತದೆ. ಒಂದು ಹೆಸರಿಗೆ ಒಂದೇ ಎಸ್‌ಪಿಎಫ್ ಇರಬೇಕು; ಎರಡಿದ್ದರೆ ಎರಡೂ ಲೆಕ್ಕಕ್ಕಿಲ್ಲ. ರಿಲೇ ಸೇವೆಯವರ ಇನ್‌ಕ್ಲೂಡ್ ಅದರಲ್ಲಿ ಸೇರಿಸಿ. ಒಟ್ಟು ಡಿಎನ್‌ಎಸ್ (ಡೊಮೈನ್ ಹೆಸರುಗಳ ದಾಖಲೆ) ಹುಡುಕಾಟ ಹತ್ತು ಮೀರಬಾರದು.

ಡಿಕಿಮ್: 2048 ಬಿಟ್ ಕೀಲಿ ಬರೆದರೆ ಸುಮಾರು 400 ಅಕ್ಷರ ಬರುತ್ತದೆ. ಡಿಎನ್‌ಎಸ್‌ನ ಟಿಎಕ್ಸ್‌ಟಿ ದಾಖಲೆಯಲ್ಲಿ ಒಂದು ಉದ್ಧರಣದೊಳಗೆ 255 ಅಕ್ಷರ ಮಾತ್ರ ಹಿಡಿಯುತ್ತದೆ. ಕೆಲವು ಪುಟಗಳು ತಾವೇ ತುಂಡು ಮಾಡಿಕೊಳ್ಳುತ್ತವೆ, ಕೆಲವು ಉಳಿದದ್ದನ್ನು ಸದ್ದಿಲ್ಲದೆ ನುಂಗುತ್ತವೆ. ಎರಡು ಉದ್ಧರಣಗಳಾಗಿ ಒಡೆದು ಒಂದೇ ದಾಖಲೆಯಲ್ಲಿ ಬರೆಯಿರಿ. ಸಹಿ ಸಂಘದ ಡೊಮೈನಿನ ಹೆಸರಿನಲ್ಲಿಯೇ ಇರಲಿ, ರಿಲೇ ಸೇವೆಯ ಹೆಸರಿನಲ್ಲಿ ಮಾತ್ರ ಇದ್ದರೆ ಡಿಮಾರ್ಕ್‌ಗೆ (ಪರೀಕ್ಷೆಯಲ್ಲಿ ಸೋತ ಮೇಲನ್ನು ಏನು ಮಾಡಬೇಕೆಂಬ ಸೂಚನೆಗೆ) ಹೊಂದುವುದಿಲ್ಲ. ಡಿಮಾರ್ಕ್ ಮೊದಲಿಗೆ ಪಿ=ನನ್ (ಏನೂ ಮಾಡಬೇಡಿ) ಎಂದಿರಲಿ, ವರದಿಗಳನ್ನು ನೋಡಿಕೊಂಡು ಕ್ವಾರಂಟೈನ್‌ಗೆ ಹೋಗಿ.

2024ರ ಫೆಬ್ರವರಿಯಿಂದ ಜಿಮೇಲ್ ಮತ್ತು ಯಾಹೂ ಇದನ್ನೆಲ್ಲ ಬಿಗಿಗೊಳಿಸಿವೆ. ಜಿಮೇಲಿಗೆ ದಿನಕ್ಕೆ 5000 ಮೀರಿ ಕಳಿಸುವವರಿಗೆ ಮೂರೂ ಕಡ್ಡಾಯ. ಚಿಕ್ಕವರಿಗೂ ಎಸ್‌ಪಿಎಫ್ ಅಥವಾ ಡಿಕಿಮ್ ಒಂದಾದರೂ ಬೇಕು, ಪಿಟಿಆರ್ ಮತ್ತು ಟಿಎಲ್‌ಎಸ್ ಬೇಕೇ ಬೇಕು.

ವಿಜಯನಗರ_2ನೇ_ಹಂತ

ಸ್ಪ್ಯಾಮ್‌ಹೌಸ್ ಪಟ್ಟಿಯನ್ನು ಪೋಸ್ಟ್‌ಫಿಕ್ಸ್‌ಗೆ ಜೋಡಿಸುವುದಾದರೆ ಒಂದು ಎಚ್ಚರಿಕೆ. ಸರ್ವರಿನ ಡಿಎನ್‌ಎಸ್ ಗೂಗಲ್‌ನ 8.8.8.8 ಆಗಿದ್ದರೆ ಅವರು ಉತ್ತರ ಕೊಡುವುದಿಲ್ಲ, ಬದಲಿಗೆ 127.255.255.254 ಎಂಬ ದೋಷಸೂಚನೆ ಕಳಿಸುತ್ತಾರೆ. ಅದನ್ನೂ "ಪಟ್ಟಿಯಲ್ಲಿದೆ" ಎಂದು ಓದಿಕೊಂಡು ಬರುವ ಮೇಲನ್ನೆಲ್ಲ ತಿರಸ್ಕರಿಸಿದ ಸರ್ವರ್‌ಗಳಿವೆ. ಅನ್‌ಬೌಂಡ್ ಹಾಕಿ, ನಿಮ್ಮದೇ ಡಿಎನ್‌ಎಸ್ ಬಳಸಿ.

ಕಲಿಯುವವ_ಮಂಡ್ಯ

ಸರ್ವರ್ ಒಂದು ರಾತ್ರಿ ನಿಂತರೆ ಆಗ ಬರುವ ಮೇಲ್‌ಗಳೆಲ್ಲ ಕಳೆದುಹೋಗುತ್ತವೆಯೇ? ಎರಡನೇ ಎಂಎಕ್ಸ್ (ಮೇಲ್ ಸ್ವೀಕರಿಸುವ ಬದಲಿ ಸರ್ವರ್) ಇಟ್ಟುಕೊಳ್ಳಬೇಕೇ?

ಟರ್ಮಿನಲ್_ಮೇಷ್ಟರು

ಬೇಡ. ಕಳಿಸುವ ಸರ್ವರ್ ಸರತಿಯಲ್ಲಿಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಪೋಸ್ಟ್‌ಫಿಕ್ಸ್ ತಾನಾಗಿ ಐದು ದಿನ ಇಟ್ಟುಕೊಳ್ಳುತ್ತದೆ. ಎರಡನೇ ಎಂಎಕ್ಸ್‌ನಲ್ಲಿ ಸೋಸುವಿಕೆ ಸಡಿಲವಿರುತ್ತದೆಂದು ಸ್ಪ್ಯಾಮ್ ಕಳಿಸುವವರು ಮೊದಲು ಅದನ್ನೇ ತಟ್ಟುತ್ತಾರೆ. ನಿಮ್ಮ ಸರತಿ ಖಾಲಿಯಾಯಿತೇ?

ಕಲಿಯುವವ_ಮಂಡ್ಯ

ಖಾಲಿಯಾಯಿತು. ವಿಪಿಎಸ್ ಕಂಪನಿಯಿಂದ ಎಚ್ಚರಿಕೆಯ ಪತ್ರವೂ ಬಂತು.

ಲೆಕ್ಕದ_ಪುಸ್ತಕ

ನಾನು ಹೇಳಿದ್ದನ್ನು ಯಾರೂ ಕೇಳುವುದಿಲ್ಲ ಎಂದು ಗೊತ್ತಿತ್ತು. ಆದರೆ ಲಾಗಿನ ಬಗ್ಗೆ ಒಂದು ಮಾತು. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು, ಭದ್ರತಾ ಘಟನೆ ನಡೆದರೆ ಗಮನಕ್ಕೆ ಬಂದ ಆರು ಗಂಟೆಯೊಳಗೆ ತಿಳಿಸಬೇಕು. ಜರ್ನಲ್ ಜಾಗ ತುಂಬಿದರೆ ಹಳೆಯದನ್ನು ತಾನೇ ಅಳಿಸುತ್ತದಂತೆ. ಅದರ ಮಿತಿ ನೋಡಿಕೊಳ್ಳಿ.

ಇನ್ನೊಂದು ಪ್ರಶ್ನೆ ನೇರವಾಗಿ ಕೇಳುತ್ತೇನೆ. ಡೊಮೈನ್ ಯಾರ ಹೆಸರಿನಲ್ಲಿದೆ?

ಬೆಲ್ಲದಗಾಣ

ಕೀಲಿ ಎರಡು ತುಂಡು ಮಾಡಿದೆ, ಹಳೆಯ ಎಸ್‌ಪಿಎಫ್ ತೆಗೆದೆ. ಜಿಮೇಲ್‌ನಲ್ಲಿ ಈಗ ಇನ್‌ಬಾಕ್ಸಿಗೇ ಬರುತ್ತಿದೆ. ಮೂಲ ಪಠ್ಯ ತೆರೆದರೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರಕ್ಕೂ ಪಾಸ್ ಎಂದಿದೆ. ಎಲ್ಲರಿಗೂ ಧನ್ಯವಾದ.

ಡೊಮೈನ್ ಸಂಘದ ಹೆಸರಿನಲ್ಲೇ ಇದೆ. ರಿಜಿಸ್ಟ್ರಾರ್ (ಡೊಮೈನ್ ನೋಂದಾಯಿಸುವ ಕಂಪನಿ) ಖಾತೆಯ ಸಂಪರ್ಕ ವಿಳಾಸವನ್ನು ನಿನ್ನೆ ತಾನೇ ನಮ್ಮ ಹೊಸ ಮೇಲ್ ವಿಳಾಸಕ್ಕೆ ಬದಲಾಯಿಸಿದೆ.

ಲೆಕ್ಕದ_ಪುಸ್ತಕ

ತಿರುಗಿ ಬದಲಾಯಿಸಿ. ನವೀಕರಣ ಮರೆತು ಡೊಮೈನ್ ನಿಂತರೆ ಮೇಲ್ ಕೂಡ ನಿಲ್ಲುತ್ತದೆ. ಆಗ "ಹಣ ಕಟ್ಟಿ" ಎಂಬ ಪತ್ರ ಆ ನಿಂತ ಪೆಟ್ಟಿಗೆಗೇ ಬರುತ್ತದೆ. ಪಾಸ್‌ವರ್ಡ್ ಬದಲಿಸುವ ಕೊಂಡಿಯೂ ಅಲ್ಲಿಗೇ. ವಿಪಿಎಸ್ ಖಾತೆಗೂ ಇದೇ ಮಾತು.

ಹೆಬ್ಬಾಳ_ಅಡ್ಮಿನ್

ಲೆಕ್ಕದವರ ಮಾತು ನೂರಕ್ಕೆ ನೂರು ಸರಿ. ಜೊತೆಗೆ ಸರ್ಟ್‌ಬಾಟ್‌ಗೆ (ಪ್ರಮಾಣಪತ್ರ ನವೀಕರಿಸುವ ತಂತ್ರಾಂಶಕ್ಕೆ) ಡಿಪ್ಲಾಯ್ ಹುಕ್, ಅಂದರೆ ನವೀಕರಣವಾದ ಮೇಲೆ ಓಡುವ ಆಜ್ಞೆ, ಹಾಕಿದ್ದೀರಾ? ಲೆಟ್ಸ್ ಎನ್‌ಕ್ರಿಪ್ಟ್ ಪ್ರಮಾಣಪತ್ರ 90 ದಿನಕ್ಕೆ ಮುಗಿಯುತ್ತದೆ. ಹೊಸದು ತಾನಾಗಿ ಬಂದರೂ ಡೋವ್‌ಕಾಟನ್ನು ರೀಲೋಡ್ ಮಾಡುವವರೆಗೆ ಅದು ಹಳೆಯದನ್ನೇ ತೋರಿಸುತ್ತಿರಬಹುದು.

ಬೆಲ್ಲದಗಾಣ

ಹಾಕಿಲ್ಲ. ಈಗ ಹಾಕುತ್ತೇನೆ. ರಿಜಿಸ್ಟ್ರಾರ್ ಖಾತೆಗೆ ಅಧ್ಯಕ್ಷರ ಮತ್ತು ಖಜಾಂಚಿಯವರ ಬೇರೆ ವಿಳಾಸಗಳನ್ನು ಕೊಡುತ್ತೇನೆ, ಇಬ್ಬರಿಗೂ ಪರಸ್ಪರ ಮಾತಿಲ್ಲ, ಹಾಗಾಗಿ ಒಬ್ಬರು ಮರೆತರೆ ಇನ್ನೊಬ್ಬರು ಸಭೆಯಲ್ಲಿ ಎತ್ತುವುದು ಖಂಡಿತ.

ನಂಜನಗೂಡು_ರಸಬಾಳೆ

ಹಳೆಯ ಪೆಟ್ಟಿಗೆಗಳಲ್ಲಿರುವ ಮೇಲ್ ತರಲು ಐಮ್ಯಾಪ್‌ಸಿಂಕ್ ಬಳಸಿ, ಹಳೆಯ ಕಂಪನಿಯ ಬಾಗಿಲು ಮುಚ್ಚುವ ಮೊದಲೇ. ಮೊದಲು ಡ್ರೈ ಆಯ್ಕೆ ಕೊಟ್ಟು ಓಡಿಸಿ, ಏನು ನಕಲಾಗುತ್ತದೆ ಎಂಬುದನ್ನು ತೋರಿಸುತ್ತದೆ.